ದೆಹಲಿಯ ಗುಪ್ತಚರ ಮುಖ್ಯಸ್ಥರಿಗೆ ಗುಬ್ಬಿಯ ಗುಮಾಸ್ತ ಬರೆದ ಕಾಗದ

ಗುಬ್ಬಿ ಕೋರ್ಟಿನ ಎದುರಿನ ಹೋಟೆಲಿನಲ್ಲಿ ಕದರಯ್ಯ ಕೂರುತ್ತಿದ್ದ ಬೆಂಚು ಹಾಗೇ ಇದೆ. ಹೋದ ವಾರ ಅದರ ಮೇಲೆ ಕೂತು ಕಾಫಿ ಕುಡಿಯಲು ನೋಡಿದೆ. ಆಗಲಿಲ್ಲ, ನಗು ಬಂದುಬಿಟ್ಟಿತು. ಗೆಳೆಯ ಸತ್ತು ಎಂಟು ತಿಂಗಳಾಗಿದೆ, ಅವನ ಜಾಗದಲ್ಲಿ ಕೂತು ಒಬ್ಬನೇ ನಗುತ್ತಿದ್ದೇನೆ. ಹೋಟೆಲಿನವರು ಏನೂ ಕೇಳದೆ ಒಂದು ಲೋಟ ನೀರು ತಂದಿಟ್ಟು ಹೋದರು. ನಗದೆ ಏನು ಮಾಡಲಿ? ನನ್ನ ಬಾಳನ್ನು ಅವನು ಕೆಡಿಸಿದ್ದು ಆ ಬೆಂಚಿನ ಮೇಲೆ. ಸರಿ ಮಾಡಿದ್ದೂ ಆ ಬೆಂಚಿನ ಮೇಲೆಯೇ. ಎರಡರ ನಡುವೆ ನಾಲ್ಕು ತಿಂಗಳ ಅಂತರ.

ನಾವಿಬ್ಬರೂ ನಿಟ್ಟೂರಿನ ಕಡೆಯವರು, ಒಂದೇ ಶಾಲೆಯಲ್ಲಿ ಓದಿದವರು. ಎಸ್ಸೆಸ್ಸೆಲ್ಸಿ ಆದ ಮೇಲೆ ನಾನು ತುಮಕೂರಿಗೆ ಕಾಲೇಜಿಗೆ ಹೋದೆ, ಅವನು ಗುಬ್ಬಿಯ ವಕೀಲ ದೊಡ್ಡರಂಗಯ್ಯನವರ ಹತ್ತಿರ ಗುಮಾಸ್ತನಾದ. ಎರಡೇ ವರ್ಷದಲ್ಲಿ ಕಾನೂನು ಅವನ ತಲೆಗೆ ಏರಿತು, ಸೇಂದಿ ಏರಿದ ಹಾಗೆ. ಯಾರು ಏನು ಹೇಳಿದರೂ ಅವನ ಬಾಯಲ್ಲಿ ಒಂದೇ ಮಾತು: "ಯಾವ ಸೆಕ್ಷನ್‌ನಲ್ಲಿ?" ಬಸ್ಸಿನ ಕಂಡಕ್ಟರ್ "ಮುಂದಕ್ಕೆ ಹೋಗ್ರೀ" ಅಂದರೆ ಯಾವ ಸೆಕ್ಷನ್. ಕ್ಷೌರದವರು "ತಲೆ ಬಗ್ಗಿಸಿ" ಅಂದರೆ ಯಾವ ಸೆಕ್ಷನ್. ಒಂದು ಭಾನುವಾರ ಅವನ ತಾಯಿ ಪುಟ್ಟತಾಯಮ್ಮ, "ಎದ್ದು ನೀರು ಹುಯ್ಕಳ್ಳೋ" ಎಂದರು.

"ಯಾವ ಸೆಕ್ಷನ್‌ನಲ್ಲಿ ಅವ್ವಾ?"

ಆಕೆ ಒಲೆಯಿಂದ ಒಂದು ಸೌದೆ ಎಳೆದು ತೋರಿಸಿದರು. "ಇದ್ರಲ್ಲಿ."

ಕದರಯ್ಯ ಆ ಆದೇಶದ ಮೇಲೆ ಅಪೀಲು ಹೋಗಲಿಲ್ಲ.

ಇದು ೧೯೭೮ರ ಮಾತು. ನನಗೆ ಕೇಂದ್ರ ಸರ್ಕಾರದ ಒಂದು ಇಲಾಖೆಯ ವೈರ್‌ಲೆಸ್ ವಿಭಾಗದಲ್ಲಿ ಕೆಲಸಕ್ಕೆ ಆಯ್ಕೆಯಾಗಿತ್ತು. ಪಟ್ಟಿಯಲ್ಲಿ ಹೆಸರು ಬಂದಿತ್ತು, ಆರ್ಡರ್ ಬರುವುದೊಂದು ಬಾಕಿ. ತುಮಕೂರಿನ ಮರಳೂರಿನಲ್ಲಿ ಒಂದು ರೂಮು ಮಾಡಿಕೊಂಡು ಹುಡುಗರಿಗೆ ಪಾಠ ಹೇಳುತ್ತಾ ಕಾಯುತ್ತಿದ್ದೆ. ಇನ್ನೊಂದು ಪರೀಕ್ಷೆಗೆ ಕೂರಲು ನನಗೆ ವಯಸ್ಸು ಮೀರಿತ್ತು. ಈ ಕೆಲಸ ತಪ್ಪಿದರೆ ಸರ್ಕಾರದ ಬಾಗಿಲು ನನ್ನ ಪಾಲಿಗೆ ಮುಚ್ಚಿದಂತೆಯೇ.

ಪಟ್ಟಿಯಲ್ಲಿ ಹೆಸರು ಬಂತು ಎಂಬ ಸುದ್ದಿ ಹಬ್ಬಿದ್ದೇ ತಡ, ಹೆಣ್ಣು ಹೆತ್ತವರು ವಿಚಾರಿಸಲು ಶುರುಮಾಡಿದರು. ನಮ್ಮ ಕಡೆ ಗಂಡಿನ ವಿಷಯವನ್ನು ಯಾರೂ ಗಂಡಿನ ಮನೆಯಲ್ಲಿ ಕೇಳುವುದಿಲ್ಲ. ಹೋಟೆಲಿನಲ್ಲಿ, ಅಂಗಡಿ ಕಟ್ಟೆಯಲ್ಲಿ, ಪಕ್ಕದ ಊರಿನಲ್ಲಿ ಕೇಳುತ್ತಾರೆ. ಕೇಳುವವರು ತಾವು ಯಾಕೆ ಕೇಳುತ್ತಿದ್ದೇವೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಹೇಳುವವರಿಗೆ ಅದು ಹೇಳದೆಯೇ ತಿಳಿಯುತ್ತದೆ. ನನಗೆ ಕೆಲಸಕ್ಕೆ ಸೇರುವ ತನಕ ಮದುವೆ ಬೇಡವಾಗಿತ್ತು. ಅವ್ವನ ಎದುರು ಅದನ್ನು ಹೇಳುವ ಧೈರ್ಯವೂ ಇರಲಿಲ್ಲ. ಕದರಯ್ಯನಿಗೆ ಹೇಳಿದೆ.

"ಯಾರಾದ್ರೂ ಬಂದ್ರೆ ಹೆಂಗಾದ್ರೂ ಮಾಡಿ ಓಡ್ಸೋ."

"ಬುಡು, ನಂಗೆ ಬುಟ್ಬುಡು" ಎಂದ.

ಮೊದಲ ಇಬ್ಬರನ್ನು ಓಡಿಸಿದ. ಮೂರನೆಯವರು ನವೆಂಬರಿನಲ್ಲಿ ಬಂದರು. ಕೈಯಲ್ಲಿ ಛತ್ರಿ, ಕಾಲಲ್ಲಿ ಗಟ್ಟಿ ಚಪ್ಪಲಿ, ಐವತ್ತು ದಾಟಿದ ಆಳು. ಕೋರ್ಟಿನ ಎದುರಿನ ಆ ಬೆಂಚಿನ ಮೇಲೆ ಕದರಯ್ಯನ ಪಕ್ಕ ಕೂತು ಕಾಫಿ ಹೇಳಿದರು. ಆಮೇಲೆ ನಡೆದ ಮಾತನ್ನು ಕದರಯ್ಯ ನನಗೆ ಎಷ್ಟು ಸಲ ನಟಿಸಿ ತೋರಿಸಿದ್ದಾನೆಂದರೆ, ನಾನೇ ಅಲ್ಲಿದ್ದೆನೇನೋ ಅನ್ನಿಸುತ್ತದೆ.

"ನಿಟ್ಟೂರಿನ ಶಿವರಾಮಯ್ಯ ಅಂತ ಒಬ್ಬ ಹುಡುಗ. ಗೊತ್ತಾ?"

"ಹೆಣ್ಣಿನ ಕಡೆಯೋರಾ?"

ಆ ಮನುಷ್ಯ ಒಂದು ಗುಟುಕು ಕುಡಿದು, "ಹಂಗೇ ಅನ್ಕಳಿ" ಎಂದರು.

"ಯಾವೂರಾಯ್ತು?"

"ಕುಣಿಗಲ್ ತಾಲ್ಲೂಕು, ಹುತ್ರಿದುರ್ಗ."

"ಯಾರ ಮಗ?"

"ಕಾಳಯ್ಯನ ಮಗ, ಆಂಜನಪ್ಪ ಅಂತ. ಬೆಟ್ಟದ ಬುಡದಲ್ಲೇ ಮನೆ."

"ಅಣ್ಣತಮ್ಮಂದ್ರು ಎಷ್ಟು ಜನ? ಬೇರೆ ಆಗಿದೀರಾ, ಒಟ್ಟಿಗೇನಾ? ರಾಗಿ ಈ ಸಲ ಹೆಂಗೆ?"

ಸಂಬಂಧದ ಮಾತು ಬಂದಾಗ ಇವಕ್ಕೆಲ್ಲ ಉತ್ತರ ಹೇಳದಿದ್ದರೆ ಮರ್ಯಾದೆಯಲ್ಲ. ಆಂಜನಪ್ಪನವರು ಎಲ್ಲಕ್ಕೂ ಉತ್ತರ ಹೇಳಿದರು. ಮೂರು ಜನ ಅಣ್ಣತಮ್ಮಂದಿರು, ಒಟ್ಟಿಗೇ ಇದ್ದೇವೆ, ಕಣದ ಕೆಲಸಕ್ಕೆ ನಾನೂ ರಜೆ ಹಾಕಿ ಹೋಗಬೇಕು. ಎಲ್ಲಿಂದ ರಜೆ ಎಂದು ಕದರಯ್ಯ ಕೇಳಲಿಲ್ಲ. ಜೀವಮಾನದಲ್ಲಿ ಅವನು ಕೇಳದೆ ಬಿಟ್ಟ ಪ್ರಶ್ನೆ ಅದೊಂದೇ.

ಬದಲಿಗೆ ಓಡಿಸುವ ಕೆಲಸಕ್ಕೆ ಇಳಿದ. "ಹುಡ್ಗ ಒಳ್ಳೇವ್ನೇ ಬುಡಿ. ಆದ್ರೆ ಮಂಗ್ಳವಾರ ಶುಕ್ರವಾರ ಎಲ್ಲಿಗೋಯ್ತಾನೆ ಅಂತ ಹೆತ್ತೋರಿಗೂ ಗೊತ್ತಿಲ್ಲ" ಎಂದ. (ಪಾಠ ಹೇಳಲು ಹೋಗುತ್ತಿದ್ದೆ.) "ಹೊರದೇಶದಿಂದ ದಪ್ಪ ದಪ್ಪ ಕವರು ಬರ್ತವೆ" ಎಂದ. (ರೇಡಿಯೋ ಸ್ಟೇಷನ್‌ಗಳಿಗೆ ಕಾಗದ ಬರೆದರೆ ಪುಕ್ಕಟೆ ಕ್ಯಾಲೆಂಡರ್ ಕಳಿಸುತ್ತಿದ್ದರು. ನಮ್ಮ ಮನೆಯ ಗೋಡೆಯ ತುಂಬ ಯಾವ ಯಾವುದೋ ದೇಶದ ಹಿಮ ಇತ್ತು.) "ಒಂದು ಸೂಟ್‌ಕೇಸ್ ಅದೆ, ಯಾರ್ಗೂ ಮುಟ್ಟಕ್ಕೆ ಬುಡಲ್ಲ" ಎಂದ. (ಮುಟ್ಟಿದರೆ ಅದರ ಚಿಲಕ ಕೈಗೆ ಬರುತ್ತಿತ್ತು.) ಕೊನೆಗೆ, ಮದುವೆ ಮನೆ ಮಠ ಯಾವುದೂ ಬೇಡ ಎನ್ನುವ ಒಂದು ಸಂಘಕ್ಕೆ ಸೇರಿ ಬೆಂಗಳೂರಿನ ಒಂದು ರೂಮಿನಲ್ಲಿ ಪ್ರಮಾಣ ಮಾಡಿ ಬಂದಿದ್ದಾನೆ ಎಂದೂ ಸೇರಿಸಿದ. ಅದಕ್ಕೆ ಆಧಾರ ನನಗೆ ಇವತ್ತಿಗೂ ಗೊತ್ತಿಲ್ಲ.

ಆಂಜನಪ್ಪನವರು ಕಿಸೆಯಿಂದ ಸಣ್ಣ ಪುಸ್ತಕ ತೆಗೆದು ಎಲ್ಲವನ್ನೂ ಬರೆದುಕೊಂಡರು. ಅವತ್ತು ಸಂಜೆ ಕದರಯ್ಯ ನನಗೆ ವರದಿ ಒಪ್ಪಿಸಿದ: "ಬರ್ಕಂಡ್ ಹೋದ್ರು ಕಣ್ಲಾ. ಅಷ್ಟು ಶ್ರದ್ಧೆ ಇರೋ ಮಾವ ಸಿಗಕ್ಕೆ ಪುಣ್ಯ ಮಾಡಿರ್ಬೇಕು. ತಪ್ಪಿಸ್ಕಂಡೆ."

ಜನವರಿಯಲ್ಲಿ ಪಟ್ಟಿಯಲ್ಲಿದ್ದ ಎಲ್ಲರಿಗೂ ಆರ್ಡರ್ ಬಂತು, ನನಗೊಬ್ಬನಿಗೆ ಬರಲಿಲ್ಲ. ಪಟ್ಟಿಯ ಅವಧಿ ಮಾರ್ಚ್ ಮೂವತ್ತೊಂದಕ್ಕೆ ಮುಗಿಯುತ್ತಿತ್ತು. ಬೆಂಗಳೂರಿಗೆ ಹೋಗಿ ಕಚೇರಿಯ ಮುಂದೆ ಎರಡು ದಿನ ನಿಂತೆ. ಮೂರನೆಯ ದಿನ ಒಬ್ಬ ಪುಣ್ಯಾತ್ಮ ಗುಮಾಸ್ತ, ತಲೆ ಎತ್ತದೆ, ನನಗಲ್ಲ ತನಗೇ ಎಂಬಂತೆ, ಒಂದು ಹಾಳೆ ಓದಿದ. ನನ್ನ ನಡತೆಯ ಬಗ್ಗೆ ಗುಪ್ತಚರ ಇಲಾಖೆಯ ವರದಿ ಚೆನ್ನಾಗಿಲ್ಲವಂತೆ.

ವಾಪಸು ಬಂದವನು ನೇರವಾಗಿ ಗುಬ್ಬಿಗೆ ಹೋಗಿ ಆ ಬೆಂಚಿನ ಮೇಲೆ ಕುಸಿದೆ. ಕದರಯ್ಯ ದೋಸೆ ತಿನ್ನುತ್ತಿದ್ದ.

"ವಾರಕ್ಕೆ ಎರಡು ದಿನ ಕಾಣೆಯಾಗ್ತೀನಂತೆ" ಎಂದೆ.

ಅವನು ಅಗಿಯುವುದನ್ನು ನಿಧಾನ ಮಾಡಿದ.

"ಹೊರದೇಶದೋರ ಸಂಪರ್ಕ ಇದೆಯಂತೆ. ರಹಸ್ಯ ಸಂಘದಲ್ಲಿ ಪ್ರಮಾಣ ಮಾಡಿದೀನಂತೆ. ಕೆಂಪು ಸೂಟ್‌ಕೇಸ್ ಇದೆಯಂತೆ, ಅದರಲ್ಲಿ ಏನಿದೆ ಅಂತ ಗೊತ್ತಿಲ್ಲವಂತೆ."

"ಕೆಂಪು ಅಂತ ನಾನು ಹೇಳಿರ್ಲಿಲ್ಲ" ಎಂದ ಕದರಯ್ಯ.

ಹೇಳಿದ ಮೇಲೆ ತಾನು ಏನು ಹೇಳಿದೆ ಎಂದು ಅವನಿಗೆ ಗೊತ್ತಾಯಿತು. ನನಗೂ ಗೊತ್ತಾಯಿತು. ಇಬ್ಬರೂ ದೋಸೆಯನ್ನೇ ನೋಡಿದೆವು. "ಅವ್ರು ಹೆಣ್ಣಿನ ಕಡೆಯೋರಲ್ಲ ಕಣೋ" ಎಂದ, ಬಹಳ ಸಣ್ಣ ದನಿಯಲ್ಲಿ. ನಾನು ಎದ್ದು ಬಸ್ಸು ಹತ್ತಿದೆ.

ಎರಡು ದಿನ ಅವನ ಮುಖ ನೋಡಲಿಲ್ಲ. ಮೂರನೆಯ ದಿನ ಮರಳೂರಿನ ರೂಮಿಗೆ ಬಂದ, ತೋಳಿನ ತುಂಬ ಪುಸ್ತಕ. ಕ್ಷಮಿಸು ಗಿಮಿಸು ಏನೂ ಇಲ್ಲ. ಚಾಪೆಯ ಮೇಲೆ ಪುಸ್ತಕ ಸುರಿದು, "ಆ ಇಲಾಖೆ ಮುಖ್ಯಸ್ಥ ದೆಹಲೀಲಿ ಕೂತ್ಕಂಡು ನಿನ್ನ ಕೆಲ್ಸ ತಡೀತಿರೋದು ಯಾವ ಸೆಕ್ಷನ್‌ನಲ್ಲಿ?" ಎಂದ.

ತುರ್ತು ಪರಿಸ್ಥಿತಿ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ಗುಪ್ತಚರ ಎಂಬ ಮಾತು ಕೇಳಿದರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲ. ಇವನು ಹನ್ನೊಂದು ದಿನ ತುಮಕೂರಿನ ವಕೀಲರ ಸಂಘದ ಲೈಬ್ರರಿಯಲ್ಲಿ ಕೂತು ಆ ಮುಖ್ಯಸ್ಥರ ಅಧಿಕಾರವನ್ನು ಹುಡುಕಿದ. ದಿನಾ ಸಂಜೆ ಬಂದು ಹೇಳುತ್ತಿದ್ದ, ದಿನದಿಂದ ದಿನಕ್ಕೆ ಮುಖ ಅರಳುತ್ತಿತ್ತು.

"ಇಲ್ಲ ಕಣ್ಲಾ. ಆಕ್ಟೇ ಇಲ್ಲ. ಪೊಲೀಸ್ರಿಗೆ ಆಕ್ಟ್ ಅದೆ, ರೈಲ್ವೇಗೆ ಅದೆ. ಇವ್ರಿಗಿಲ್ಲ. ಸಂವಿಧಾನದ ಏಳನೇ ಅನುಸೂಚೀಲಿ ಒಂದು ಸಾಲು ಅದೆ, ಪಾರ್ಲಿಮೆಂಟು ಬೇಕಾದ್ರೆ ಕಾನೂನು ಮಾಡ್ಬಹುದು ಅಂತ. ಮಾಡೇ ಇಲ್ಲ."

"ಟೆಲಿಫೋನ್ ಕೇಳ್ತಾರಲ್ಲೋ, ಕಾಗದ ಒಡೆದು ನೋಡ್ತಾರಲ್ಲೋ?"

"ಅದ್ರ ಆರ್ಡರ್ ಸರ್ಕಾರ ಮಾಡ್ಬೇಕು, ಇವ್ರಲ್ಲ. ಹಿಡಿಯಂಗಿಲ್ಲ, ಮನೆ ಹುಡುಕಂಗಿಲ್ಲ. ನಿಟ್ಟೂರು ಸ್ಟೇಷನ್ ಟಿಕೆಟ್ ಕಲೆಕ್ಟರ್‌ಗಿರೋ ಪವರ್ರು ಈ ಯಪ್ಪಂಗಿಲ್ಲ. ಕಣ್ಣ ಮುಂದೆ ದರೋಡೆ ಆಯ್ತಿದ್ರೆ ಹಿಡೀಬಹುದು, ಅದು ನಲವತ್ಮೂರನೇ ಸೆಕ್ಷನ್ನು, ಯಾರು ಬೇಕಾದ್ರೂ ಹಿಡೀಬಹುದು. ಅಂದ್ರೆ ಅವ್ರಿಗೂ ನಮ್ಮವ್ವಂಗೂ ಒಂದೇ ಪವರ್ರು."

ಆಮೇಲೆ ಚಾಪೆಯ ಮೇಲೆ ಉರುಳಾಡಿಕೊಂಡು ನಗುತ್ತ, "ನಮ್ಮವ್ವಂಗೆ ಒಂದು ಜಾಸ್ತಿ. ಯಾರದಾದ್ರೂ ಎಮ್ಮೆ ನಮ್ಮ ರಾಗಿಗೆ ಬಿದ್ರೆ ಹಿಡ್ದು ದೊಡ್ಡಿಗೆ ಹೊಡೀಬಹುದು. ಅವ್ರಿಗೆ ಹೊಲ ಅದೆಯೋ ಇಲ್ವೋ" ಎಂದ. ನನಗೆ ಎರಡು ವಾರದಿಂದ ಊಟ ಸೇರುತ್ತಿರಲಿಲ್ಲ. ಅವತ್ತು ನಕ್ಕು ನಕ್ಕು ಹಸಿವಾಗಿ ಇಬ್ಬರೂ ಮುದ್ದೆ ಮಾಡಿಕೊಂಡು ಉಂಡೆವು.

ಅವನು ಕಂಡುಕೊಂಡದ್ದು ಇಷ್ಟು: ಗುಪ್ತಚರ ಮುಖ್ಯಸ್ಥರಿಗೆ ಇರುವುದು ಕೇಳುವ ಅಧಿಕಾರ, ಕೇಳಿದ್ದನ್ನು ಹೇಳುವ ಅಧಿಕಾರ. ಕೆಲಸ ಕೊಡುವುದೂ ತಡೆಯುವುದೂ ನನ್ನನ್ನು ಆರಿಸಿದ ಇಲಾಖೆಗೆ ಬಿಟ್ಟದ್ದು. ಆದ್ದರಿಂದ ಆ ಇಲಾಖೆಗೆ ಅರ್ಜಿ ಬರೆಯಬೇಕು, ಒಂದು ಪ್ರತಿ ಮುಖ್ಯಸ್ಥರಿಗೆ. ಅದರಲ್ಲಿ ಸುಳ್ಳು ಹೇಳಿದವನು ತಾನೇ ಎಂದು ಕದರಯ್ಯ ಸಹಿ ಹಾಕಿ ಒಪ್ಪಿಕೊಳ್ಳಬೇಕು.

ವಕೀಲ ದೊಡ್ಡರಂಗಯ್ಯನವರು ಕರಡು ಓದಿ ಕನ್ನಡಕ ತೆಗೆದರು. "ಸರ್ಕಾರಿ ನೌಕರನಿಗೆ ಸುಳ್ಳು ಮಾಹಿತಿ. ನೂರಾ ಎಂಭತ್ತೆರಡು ಹಾಕಿ ಒಳಗೆ ಕಳಿಸ್ತಾರೆ ಕಣಯ್ಯಾ ನಿನ್ನ."

"ಅವ್ರು ಸರ್ಕಾರಿ ನೌಕರ ಅಂತ ನಂಗೆ ಹೇಳ್ಲೇ ಇಲ್ವಲ್ಲ ಸಾರ್. ನಾನು ಸುಳ್ಳು ಹೇಳಿದ್ದು ಬೀಗರಿಗೆ. ಬೀಗರಿಗೆ ಸುಳ್ಳು ಹೇಳೋದು ಯಾವ ಸೆಕ್ಷನ್‌ನಲ್ಲಿ ತಪ್ಪು?"

ವಕೀಲರು ಕನ್ನಡಕ ಮತ್ತೆ ಹಾಕಿಕೊಂಡರು. "ಗೆಲ್ತೀಯ" ಎಂದರು. "ಗೆಲ್ಲೋಕೆ ಎಂಟು ವರ್ಷ ಆಗುತ್ತೆ. ಅಲ್ಲೀತನಕ ನನ್ನ ಫೈಲು ಯಾರು ಹೊರ್ತಾರೆ?"

ನಾನು ಬೇಡವೆಂದೆ. ನನ್ನ ಕೆಲಸಕ್ಕಾಗಿ ಅವನು ಜೈಲು ನೋಡುವುದು ನನಗೆ ಬೇಕಿರಲಿಲ್ಲ. ಅವನು ಒಂದು ಉಪಾಯ ಹೂಡಿದ. ಬರೆದವರನ್ನೇ ಹೋಗಿ ಕೇಳೋಣ, ಅಳಿಸಿದರೆ ಮುಗಿಯಿತು. ಗುಪ್ತಚರ ಇಲಾಖೆಯವರನ್ನು ಎಲ್ಲಿ ಹುಡುಕುವುದು ಎಂದೆ. ಅವನು ನನ್ನನ್ನು ನೋಡಿದ ನೋಟ ಮರೆಯುವ ಹಾಗಿಲ್ಲ.

"ಊರು, ತಂದೆ ಹೆಸ್ರು, ಮನೆ ಗುರುತು, ಕಣಕ್ಕೆ ರಜ ಹಾಕೋದು, ಎಲ್ಲಾ ಹೇಳವ್ರಲ್ಲೋ. ಅವ್ರು ನಿನ್ನ ವಿಷ್ಯ ತಿಳ್ಕಂಡಿದ್ದಕ್ಕಿಂತ ನಾನು ಅವ್ರ ವಿಷ್ಯ ಜಾಸ್ತಿ ತಿಳ್ಕಂಡಿದೀನಿ."

ಕುಣಿಗಲ್‌ಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು, ಆಮೇಲೆ ನಡಿಗೆ. ಹುತ್ರಿದುರ್ಗದ ಬೆಟ್ಟದ ಬುಡದ ಕಣದಲ್ಲಿ ಕೇಂದ್ರ ಸರ್ಕಾರದ ಗುಪ್ತಚರ ಅಧಿಕಾರಿ ಚಡ್ಡಿ ಹಾಕಿಕೊಂಡು ರಾಗಿ ತೂರುತ್ತಿದ್ದರು. ಮೈಯೆಲ್ಲ ಹೊಟ್ಟು. ನಮ್ಮನ್ನು ಕಂಡು ಮೊರ ಕೆಳಗಿಟ್ಟರು. ಅವರ ಮುಖದಲ್ಲಿ ಕಂಡದ್ದು ಹೆದರಿಕೆ.

"ನಾನು ಇಲ್ಲಿದೀನಿ ಅಂತ ನಿಮಗೆ ಯಾರು ಹೇಳಿದ್ರು?"

"ನೀವೇ ಹೇಳಿದ್ರಲ್ಲ ಸ್ವಾಮಿ" ಎಂದ ಕದರಯ್ಯ.

ಕದರಯ್ಯ ಎಲ್ಲವನ್ನೂ ಒಪ್ಪಿಕೊಂಡ. ಆಂಜನಪ್ಪನವರು ಹುಲ್ಲಿನ ಹೊರೆಯ ಮೇಲೆ ಕೂತು ಕೇಳಿದರು. "ಹತ್ತು ವರ್ಷದಿಂದ ಹಿಂಗೇ ವಿಚಾರಿಸ್ತಿದೀನಪ್ಪ. ನಾನು ಇಲಾಖೆಯೋನು ಅಂದ್ರೆ ಯಾರೂ ಬಾಯಿ ಬಿಡಲ್ಲ. ಹೆಣ್ಣಿನ ಕಡೆಯೋನು ಅಂದ್ಕಂಡ್ರೆ ನಿಜ ಹೇಳ್ತಾರೆ ಅಂತ."

"ಹೆಣ್ಣಿನ ಕಡೆಯೋರಿಗೆ ಯಾರಾದ್ರೂ ನಿಜ ಹೇಳ್ತಾರಾ ಸ್ವಾಮಿ?"

ಆಂಜನಪ್ಪನವರು ಮೊರದೊಳಗಿನ ರಾಗಿ ನೋಡುತ್ತ ಕೂತರು. ಹತ್ತು ವರ್ಷದ ವರದಿಗಳು ಅವರ ಕಣ್ಣ ಮುಂದೆ ಹಾದುಹೋಗುತ್ತಿದ್ದವು ಎಂದು ಕಾಣುತ್ತದೆ. ಕೊನೆಗೆ, "ಅಳಿಸೋ ಪವರ್ ನನಗಿಲ್ಲ. ಮೇಲಿನಿಂದ ಇನ್ನೊಂದು ಸಲ ವಿಚಾರಿಸು ಅಂತ ಬಂದ್ರೆ ವಿಚಾರಿಸ್ತೀನಿ" ಎಂದರು. ಹುರುಳಿಕಾಳಿನ ಸಾರಿನಲ್ಲಿ ಊಟ ಹಾಕಿ, ಬಸ್ಸಿನ ತನಕ ಬಂದು ಕಳಿಸಿದರು. "ಕೆಂಪು ಅಂತ ಯಾಕೆ ಬರೆದ್ರಿ?" ಎಂದು ಬಸ್ಸಿನ ಕಿಟಕಿಯಿಂದ ಕದರಯ್ಯ ಕೇಳಿದ. "ಸೂಟ್‌ಕೇಸ್ ಅಂದಮೇಲೆ ಬಣ್ಣ ಬರೀಬೇಕಪ್ಪ, ಫಾರಂನಲ್ಲಿ ಜಾಗ ಇತ್ತು" ಎಂದರು.

ಅವತ್ತೇ ವಾಪಸು ಬಂದು, ನನಗೆ ಹೇಳದೆ, ಕೋರ್ಟಿನ ಟೈಪಿಂಗ್ ಯಂತ್ರದಲ್ಲಿ ಕದರಯ್ಯ ಆ ಅರ್ಜಿಯ ಜೊತೆಗೆ ಮುಖ್ಯಸ್ಥರಿಗೇ ಒಂದು ಕಾಗದವನ್ನೂ ಹೊಡೆದ. ಇಂಗ್ಲಿಷಿನಲ್ಲಿತ್ತು. ಕಾಗದದ ಕಾರ್ಬನ್ ಪ್ರತಿ ನನ್ನ ಹತ್ತಿರ ಇದೆ. ಕನ್ನಡದಲ್ಲಿ ಹೇಳಿದರೆ ಹೀಗಾಗುತ್ತದೆ:

"ತಮಗೆ ಯಾವ ಕಾನೂನಿನಿಂದ ಯಾವ ಅಧಿಕಾರ ಬಂದಿದೆಯೆಂದು ಹನ್ನೊಂದು ದಿನ ಹುಡುಕಿದೆ, ಸಿಗಲಿಲ್ಲ. ಇದ್ದಲ್ಲಿ ತಿಳಿಸಬೇಕಾಗಿ ಪ್ರಾರ್ಥನೆ. ಇಲ್ಲದಿದ್ದಲ್ಲಿ, ತಮಗಿರುವುದು ಕೇಳುವ ಮತ್ತು ಹೇಳುವ ಅಧಿಕಾರ. ಅದು ನನಗೂ ಇದೆ. ನಾನು ಅದನ್ನು ಕೆಟ್ಟದಾಗಿ ಚಲಾಯಿಸಿದೆ. ಶಿವರಾಮಯ್ಯನ ವಿಷಯದಲ್ಲಿ ತಮ್ಮವರು ಬರೆದುಕೊಂಡ ಪ್ರತಿಯೊಂದು ಮಾತೂ ನನ್ನ ಸುಳ್ಳು, ಬಣ್ಣವೊಂದನ್ನು ಬಿಟ್ಟು. ನನ್ನ ಮೇಲೆ ಕ್ರಮ ಕೈಗೊಳ್ಳುವುದಾದರೆ ಗುಬ್ಬಿ ಕೋರ್ಟಿನ ಎದುರಿನ ಹೋಟೆಲಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಸಿಗುತ್ತೇನೆ."

ಎರಡನ್ನೂ ರಿಜಿಸ್ಟರ್ ಮಾಡಿ ಬಂದ ಮೇಲೆ ನನಗೆ ಹೇಳಿದ. ಬೈದೆ. ಫೆಬ್ರವರಿ ಕಳೆಯಿತು. ಅವನು ಪ್ರತಿದಿನ ಒಂಬತ್ತಕ್ಕೆ ಮೊದಲೇ, ಒಗೆದ ಶರ್ಟು ಹಾಕಿಕೊಂಡು, ಹೋಟೆಲಿಗೆ ಹೋಗಿ ಕೂರುತ್ತಿದ್ದ. ಹಿಡಿದುಕೊಂಡು ಹೋಗುವಾಗ ಚೆನ್ನಾಗಿ ಕಾಣಬೇಕು ಎನ್ನುತ್ತಿದ್ದ. ತಮಾಷೆಗೆ ಎಂದುಕೊಂಡಿದ್ದೆ. ಅವನ ತಾಯಿಗೆ ಒಂದು ಮಾತೂ ಹೇಳದೆ, ಅಷ್ಟೂ ದಿನ ಕೈಚೀಲದಲ್ಲಿ ಟವೆಲ್ಲು, ಇನ್ನೊಂದು ಜೊತೆ ಬಟ್ಟೆ ಇಟ್ಟುಕೊಂಡಿದ್ದನೆಂದು ಆಮೇಲೆ ತಿಳಿಯಿತು.

ಮಾರ್ಚ್ ಮಧ್ಯದಲ್ಲಿ ಛತ್ರಿ ಬಂತು. ನಾನು ಆಚೆಯ ಬೆಂಚಿನಲ್ಲಿ ಪೇಪರ್ ಅಡ್ಡ ಹಿಡಿದು ಕೂತಿದ್ದೆ. ಆಂಜನಪ್ಪನವರು ಕದರಯ್ಯನ ಪಕ್ಕ ಕೂತು, ಗುರುತೇ ಇಲ್ಲದವರ ಹಾಗೆ ಕಾಫಿ ಹೇಳಿದರು.

"ನಿಟ್ಟೂರಿನ ಶಿವರಾಮಯ್ಯ ಅಂತ ಒಬ್ಬ ಹುಡುಗ. ಗೊತ್ತಾ?"

"ಗೊತ್ತು."

"ಹೆಂಗೆ?"

ಕದರಯ್ಯನ ಹಣೆಯ ಮೇಲೆ ಬೆವರು ಮೂಡಿತು. ಗಂಟೆಗಟ್ಟಲೆ ಮಾತಾಡುವವನು ಒಂದೊಂದೇ ವಾಕ್ಯ ಎಳೆದು ಎಳೆದು ಹೊರಗೆ ಹಾಕಿದ. "ಕುಡಿಯಲ್ಲ. ಹೇಳಿದ್ ಟೈಮ್‌ಗೆ ಬರ್ತಾನೆ. ಮಕ್ಳಿಗೆ ಪಾಠ ಚೆನ್ನಾಗ್ ಹೇಳ್ತಾನೆ. ಸುಳ್ಳು ಹೇಳಕ್ಕೆ ಬರಲ್ಲ."

ಆಂಜನಪ್ಪನವರು ಬರೆದುಕೊಂಡು ಕಾದರು. "ಇಷ್ಟೇನಾ?"

"ಇಷ್ಟೇ ಸ್ವಾಮಿ. ನಿಜ ಅಷ್ಟೇ ಇರೋದು."

ಪೇಪರಿನ ಹಿಂದೆ ನನಗೆ ಅಳು ಬಂತೋ ನಗು ಬಂತೋ, ಇವತ್ತಿಗೂ ಗೊತ್ತಾಗಿಲ್ಲ. ಏಳುವಾಗ ಆಂಜನಪ್ಪನವರು ದನಿ ತಗ್ಗಿಸಿ, "ನೂರಾ ಎಂಭತ್ತೆರಡು ಹಾಕಲ್ಲವಂತೆ. ನಿನ್ನ ಪ್ರಶ್ನೆಗೆ ಉತ್ತರ ಮಾತ್ರ ಕೇಳಬೇಡ ಅಂದವ್ರೆ" ಎಂದರು.

ಇಪ್ಪತ್ತೊಂಬತ್ತನೇ ತಾರೀಕು ಗುರುವಾರ ನನ್ನ ಆರ್ಡರ್ ಬಂತು. ಕದರಯ್ಯ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಯಾವ ಸೆಕ್ಷನ್‌ನಲ್ಲಿ ಕೊಟ್ಟಿದ್ದಾರೆ ಎಂದು ನೋಡಿದ, ಆಮೇಲೆ ಕೋರ್ಟಿನ ಮೆಟ್ಟಿಲ ಮೇಲೆ ಎಲ್ಲರ ಮುಂದೆ ಕುಣಿದ. ದೊಡ್ಡರಂಗಯ್ಯನವರು ಒಳಗಿನಿಂದ, "ಏ, ಕೋರ್ಟ್ ನಡೀತಿದೆ ಕಣಯ್ಯಾ" ಎಂದರು. ಅವರಿಗೆ ಮಾತ್ರ ಅವನು ಯಾವ ಸೆಕ್ಷನ್ ಎಂದು ಕೇಳಲಿಲ್ಲ.

ಆಮೇಲಿನ ಹತ್ತು ವರ್ಷ ಅವನು ಅದೇ ಗುಮಾಸ್ತಿಕೆ ಮಾಡಿದ. ಸಿದ್ದಲಕ್ಷ್ಮಮ್ಮನನ್ನು ಮದುವೆಯಾದ. ಆ ಹುಡುಗಿಯ ಕಡೆಯವರು ವಿಚಾರಿಸಲು ಬಂದಾಗ, ನಮ್ಮ ಹುಡುಗನ ವಿಷಯ ದೆಹಲಿಯ ಫೈಲಿನಲ್ಲೇ ಇದೆ ಎಂದು ನಾನು ಹೇಳಿದ್ದು ಬೇರೆ ಕಥೆ. ೧೯೮೫ರಲ್ಲಿ ಗುಪ್ತಚರ ಸಂಸ್ಥೆಗಳ ಬಗ್ಗೆ ಪಾರ್ಲಿಮೆಂಟು ಒಂದು ಕಾನೂನು ಮಾಡಿತು. ಅದನ್ನು ಓದಲು ಅವನು ಊಟ ಬಿಟ್ಟು ತುಮಕೂರಿಗೆ ಓಡಿ ಬಂದಿದ್ದ. ಆ ಇಲಾಖೆಗಳ ನೌಕರರು ಸಂಘ ಕಟ್ಟಬಾರದು, ಪತ್ರಿಕೆಯವರ ಹತ್ತಿರ ಮಾತಾಡಬಾರದು ಎಂದು ಕಟ್ಟುಪಾಡು ಹಾಕುವ ಕಾನೂನು ಅದು. "ನೋಡ್ಲಾ, ಕೊನೆಗೂ ಒಂದು ಆಕ್ಟ್ ಬಂತು, ಅದೂ ಅವ್ರ ಬಾಯಿ ಕಟ್ಟಕ್ಕೆ. ಪವರ್ರು ಇವತ್ತೂ ನಮ್ಮವ್ವಂಗೇ ಜಾಸ್ತಿ" ಎಂದು ನಕ್ಕ.

ಹೋದ ಡಿಸೆಂಬರಿನಲ್ಲಿ, ಒಂದು ಬುಧವಾರ, ಫೈಲಿನ ಕಟ್ಟು ಹಿಡಿದು ಅದೇ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡು ಕೂತ. ಮೂವತ್ತೆಂಟು ವರ್ಷ ತುಂಬಿರಲಿಲ್ಲ. ನಾನು ತುಮಕೂರಿನಿಂದ ಬರುವಷ್ಟರಲ್ಲಿ ಮುಗಿದಿತ್ತು. ಪುಟ್ಟತಾಯಮ್ಮ ನನ್ನ ಕೈ ಹಿಡಿದು, "ಏಳೋ ಅಂದ್ರೆ ಒಂದ್ ಮಾತೂ ಆಡ್ಲಿಲ್ಲ ಕಣಪ್ಪ" ಎಂದರು. ಅದಕ್ಕಿಂತ ಹೆಚ್ಚಿಗೆ ಆ ದಿನದ ಬಗ್ಗೆ ಬರೆಯಲಾರೆ.

ಹನ್ನೊಂದನೇ ದಿನದ ತಿಥಿಗೆ ಆಂಜನಪ್ಪನವರು ಹುತ್ರಿದುರ್ಗದಿಂದ ಬಂದಿದ್ದರು. ನಿವೃತ್ತರಾಗಿದ್ದರು. ಊಟ ಮುಗಿದ ಮೇಲೆ ಜಗುಲಿಯ ಮೇಲೆ ನನ್ನ ಪಕ್ಕ ಬಂದು ಕೂತರು. ಛತ್ರಿ ಮೊಣಕಾಲಿನ ಮೇಲಿತ್ತು. ಬೀದಿಯ ಕಡೆ ನೋಡುತ್ತಾ ಕೇಳಿದರು:

"ಕದರಯ್ಯ ಅಂತ ಒಬ್ಬ ಹುಡುಗ. ಗೊತ್ತಾ?"

ಆ ಬೆಂಚು ನೆನಪಾಯಿತು. ಅದರ ಹಿಂದೆಯೇ ನಗು ಬಂತು.

"ಗೊತ್ತು."

"ಹೆಂಗೆ?"

"ಕುಡೀತಿರ್ಲಿಲ್ಲ" ಎಂದೆ. "ಹೇಳಿದ ಟೈಮಿಗೆ ಮೊದಲೇ ಬಂದು ಕೂತಿರ್ತಿದ್ದ. ಸುಳ್ಳು ಬಹಳ ಚೆನ್ನಾಗಿ ಹೇಳ್ತಿದ್ದ. ಹೇಳಿದ ಸುಳ್ಳಿಗೆ ಸಹಿ ಹಾಕ್ತಿದ್ದ."

ಆಂಜನಪ್ಪನವರ ಕೈ ಅಭ್ಯಾಸಬಲದಿಂದ ಕಿಸೆಗೆ ಹೋಯಿತು, ಬರಿದಾಗಿ ಹೊರಗೆ ಬಂತು.

"ನಾನು ಪುಸ್ತಕ ಇಟ್ಕಳೋದು ಬಿಟ್ಟು ಮೂರು ವರ್ಷ ಆಯ್ತು" ಎಂದರು. "ನೀವೇ ಬರ್ಕಳಿ."